ಒಂದು ಕ್ವಿಂಟಲ್ ಹತ್ತಿಗೆ ಎಷ್ಟು ಚೀಲ ಭತ್ತ?

ಪಿಯುಸಿ ಅರ್ಥಶಾಸ್ತ್ರದಲ್ಲಿ ‘ಅವಕಾಶ ವೆಚ್ಚ’, ‘ವ್ಯಾಪಾರದ ಷರತ್ತು’ ಅಂತ ಎರಡು ಮಾತು ಬರುತ್ತವೆ. ಬಾಯಿಪಾಠ ಮಾಡಿದವರೂ ಲೆಕ್ಕ ಕೊಟ್ಟರೆ ತಡವರಿಸುತ್ತಾರೆ. ಒಂದು ಹಾಳೆ ತಗೊಳ್ಳಿ, ನಮ್ಮ ಕಡೆಯ ಬೆಳೆಗಳಲ್ಲೇ ಮಾಡಿ ನೋಡೋಣ.

ಮೊದಲು ಅವಕಾಶ ವೆಚ್ಚ. ಒಂದು ಎಕರೆಗೆ ಭತ್ತ ಹಾಕಿದರೆ ಅಲ್ಲಿ ಹತ್ತಿ ಬೆಳೆಯೋಕಾಗಲ್ಲ. ಆ ಕೈಬಿಟ್ಟ ಹತ್ತಿಯೇ ಭತ್ತದ ಅವಕಾಶ ವೆಚ್ಚ. ತೊಗರಿ, ಜೋಳ, ಮೆಣಸಿನಕಾಯಿ ಎಲ್ಲವನ್ನೂ ಕೂಡಿಸಬೇಡಿ. ಬಿಟ್ಟದ್ದರಲ್ಲಿ ಎಲ್ಲಕ್ಕಿಂತ ಲಾಭದ್ದು ಯಾವುದೋ ಅದೊಂದನ್ನೇ ಹಿಡಿಯಿರಿ. ‘ಹೊಲ ಸ್ವಂತದ್ದು, ಅದಕ್ಕೇನು ಖರ್ಚು?’ ಅನ್ನುವವರು ಇದ್ದಾರೆ. ಗುತ್ತಿಗೆಗೆ ಕೊಟ್ಟಿದ್ದರೆ ಬರುತ್ತಿದ್ದ ಹಣ ಕೈಬಿಟ್ಟಿತಲ್ಲ, ಅದು ಖರ್ಚು ಅಲ್ವಾ?

ಈಗ ಅಂಕಿ. ಲೆಕ್ಕಕ್ಕೆಂದು ಸುಮ್ನೆ ಇಟ್ಟುಕೊಂಡದ್ದು ಇವು. ಕಾಲುವೆ ನೀರಿರುವ ಗಂಗಾವತಿಯ ರೈತನಿಗೆ ಎಕರೆಗೆ 30 ಚೀಲ ಭತ್ತ, ಇಲ್ಲವೇ 10 ಕ್ವಿಂಟಲ್ ಹತ್ತಿ. ಬೋರ್‌ವೆಲ್ ನಂಬಿದ ರಾಯಚೂರಿನ ಎರೆ ಹೊಲದವನಿಗೆ 8 ಚೀಲ ಭತ್ತ, ಇಲ್ಲವೇ 8 ಕ್ವಿಂಟಲ್ ಹತ್ತಿ. ಭತ್ತವನ್ನು ಹತ್ತಿಯಿಂದ ಭಾಗಿಸಿ. ಗಂಗಾವತಿಯಲ್ಲಿ ಒಂದು ಕ್ವಿಂಟಲ್ ಹತ್ತಿಗಾಗಿ 3 ಚೀಲ ಭತ್ತ ಬಿಡಬೇಕು, ರಾಯಚೂರಿನಲ್ಲಿ ಒಂದೇ ಚೀಲ.

ಎರಡು ಬೆಳೆಯಲ್ಲೂ ಗಂಗಾವತಿಯೇ ಮುಂದು. ಆದರೂ ಹತ್ತಿ ಅಗ್ಗವಾಗಿ ಬೆಳೆಯುವುದು ರಾಯಚೂರಿನವನು. ಯಾರು ಜಾಸ್ತಿ ಬೆಳೆಯುತ್ತಾರೆ ಅನ್ನುವುದಲ್ಲ, ಯಾರು ಕಡಿಮೆ ಬಿಡುತ್ತಾರೆ ಅನ್ನುವುದು ಮುಖ್ಯ. 1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಇದನ್ನೇ ಇಂಗ್ಲೆಂಡ್ ಮತ್ತು ಪೋರ್ಚುಗಲ್‌ನ ಬಟ್ಟೆ, ವೈನ್ ಇಟ್ಟುಕೊಂಡು ತೋರಿಸಿದರು. ಅಲ್ಲೂ ಎರಡನ್ನೂ ಕಡಿಮೆ ಆಳುಗಳಲ್ಲಿ ಮಾಡುತ್ತಿದ್ದದ್ದು ಪೋರ್ಚುಗಲ್. ಆದರೂ ವೈನ್ ಮಾತ್ರ ಮಾಡಿ ಬಟ್ಟೆಯನ್ನು ಇಂಗ್ಲೆಂಡಿನಿಂದ ತರಿಸುವುದೇ ಅದಕ್ಕೆ ಲಾಭ ಎಂದರು.

ಇನ್ನು ವ್ಯಾಪಾರದ ಷರತ್ತು, ಅಂದರೆ ಯಾವುದಕ್ಕೆ ಎಷ್ಟು ಎಂಬ ದರ. ಕ್ವಿಂಟಲ್ ಹತ್ತಿಗೆ ಒಂದು ಚೀಲಕ್ಕಿಂತ ಕಡಿಮೆ ಸಿಕ್ಕರೆ ರಾಯಚೂರಿನವನು ಒಪ್ಪುವುದಿಲ್ಲ. 3 ಚೀಲ ದಾಟಿದರೆ ಗಂಗಾವತಿಯವನು ಒಪ್ಪುವುದಿಲ್ಲ, ತಾನೇ ಬೆಳೆದುಕೊಳ್ಳುತ್ತಾನೆ. ದರ ಈ ಎರಡರ ನಡುವೆ ಬರಬೇಕು. 2 ಚೀಲಕ್ಕೆ ಕುದುರಿತು ಅನ್ನಿ. ರಾಯಚೂರಿನವನು ಒಂದು ಎಕರೆಯ ಹತ್ತಿ ಕೊಟ್ಟು 16 ಚೀಲ ಭತ್ತ ತರುತ್ತಾನೆ, ಬೆಳೆದಿದ್ದರೆ ಬರೀ 8. ಗಂಗಾವತಿಯವನಿಗೆ 30 ಚೀಲಕ್ಕೆ 15 ಕ್ವಿಂಟಲ್ ಹತ್ತಿ, ಬೆಳೆದಿದ್ದರೆ 10.

ಪಠ್ಯಪುಸ್ತಕ ಸಾಮಾನ್ಯವಾಗಿ ‘ಇಬ್ಬರಿಗೂ ಲಾಭ’ ಎಂದು ಇಲ್ಲಿಗೇ ನಿಲ್ಲುತ್ತದೆ. ನನಗೆ ಅದು ಅರ್ಧ ಮಾತು. ದರ 1.1 ಚೀಲ ಆದರೂ ಇಬ್ಬರಿಗೂ ಲಾಭವೇ, ಆದರೆ ರಾಯಚೂರಿನವನಿಗೆ ಹೆಚ್ಚಿಗೆ ಸಿಗುವುದು ಎಕರೆಗೆ ಮುಕ್ಕಾಲು ಚೀಲದಷ್ಟು ಮಾತ್ರ. ಸಾಲದವನು ಬಾಗಿಲಲ್ಲಿ ನಿಂತಿದ್ದರೆ, ಮಾಲು ಇಡಲು ಗೋದಾಮು ಇಲ್ಲದಿದ್ದರೆ, ಆ ದರಕ್ಕೂ ಒಪ್ಪಬೇಕಾಗುತ್ತದೆ. ಲಾರಿ ಬಾಡಿಗೆ, ಹಮಾಲಿ ಸೇರಿದರೆ ಅದೂ ಹೋಯಿತು.

ದೇಶಗಳ ನಡುವೆ ಲೆಕ್ಕ ಇನ್ನೂ ಸುಲಭ: ರಫ್ತಿನ ಬೆಲೆ ಸೂಚ್ಯಂಕವನ್ನು (ಮೂಲ ವರ್ಷದ ಬೆಲೆಯನ್ನು 100 ಅಂತ ಇಟ್ಟುಕೊಂಡ ಅಂಕಿ) ಆಮದಿನ ಸೂಚ್ಯಂಕದಿಂದ ಭಾಗಿಸಿ 100ರಿಂದ ಗುಣಿಸಿ. 120ನ್ನು 150ರಿಂದ ಭಾಗಿಸಿ 100ರಿಂದ ಗುಣಿಸಿದರೆ 80. ನೂರಕ್ಕಿಂತ ಕೆಳಗೆ ಬಂತೆಂದರೆ, ಮೊದಲಿನಷ್ಟೇ ಮಾಲು ಕಳಿಸಿದರೂ ಕಡಿಮೆ ಮಾಲು ಬರುತ್ತದೆ.

ಕೊನೆಗೆ ಒಂದು ಅಂಕಿ ಬದಲಿಸಿ. ತುಂಗಭದ್ರಾ ಕಾಲುವೆಯಲ್ಲಿ ನೀರು ಕಡಿಮೆಯಾಗಿ ಗಂಗಾವತಿಯ ಭತ್ತ 15 ಚೀಲಕ್ಕೆ ಇಳಿಯಿತು, ಹತ್ತಿ ಮಾತ್ರ ಹತ್ತೇ ಕ್ವಿಂಟಲ್ ಇದೆ ಅನ್ನಿ. ಈಗ ಅವನಿಗೆ ಕ್ವಿಂಟಲ್ ಹತ್ತಿಯ ವೆಚ್ಚ ಒಂದೂವರೆ ಚೀಲ. ಹಳೆಯ 2 ಚೀಲದ ದರಕ್ಕೆ ಅವನು ಹತ್ತಿ ಕೊಳ್ಳುವುದಿಲ್ಲ. ಹೊಸ ದರ 1ಕ್ಕೂ 1.5ಕ್ಕೂ ನಡುವೆಯೇ ಕುದುರಬೇಕು.