ಡ್ರೆಸಾಜ್‌ಗೆ ಕುದುರೆ ಆರಿಸುವಾಗ ನಾನು ಮೊದಲು ನೋಡುವುದು ವಾಕ್

ಸವಾರನ ಸೂಕ್ಷ್ಮ ಸೂಚನೆಗೆ ಕುದುರೆ ನಿಗದಿತ ಚಲನೆಗಳನ್ನು ತೋರಿ ಅಂಕ ಗಳಿಸುವ ಕ್ರೀಡೆ ಡ್ರೆಸಾಜ್. ಅದನ್ನು ಕಲಿಯುವವರು ಕುದುರೆ ಕೊಳ್ಳಲು ಹೊರಟರೆ ಮೊದಲು ಕೇಳುವುದು ‘ಯಾವ ತಳಿ?’ ಎಂದು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಡ್ರೆಸಾಜ್ ತಂಡ ಚಿನ್ನ ಗೆದ್ದ ಮೇಲಂತೂ, ಯೂರೋಪಿನ ವಾರ್ಮ್‌ಬ್ಲಡ್ (ಕ್ರೀಡೆಗೆಂದೇ ಬೆಳೆಸಿದ ತಳಿಗಳ ಕುದುರೆ) ಇಲ್ಲದೆ ಈ ಕ್ರೀಡೆಗೆ ಇಳಿಯುವಂತೆಯೇ ಇಲ್ಲ ಎಂದು ಅನೇಕರು ನಂಬಿದ್ದಾರೆ. ಆ ಮಟ್ಟಕ್ಕೆ ಆ ಮಾತು ನಿಜ. ಕೆಲಸದ ನಡುವೆ ಬಿಡುವು ಮಾಡಿಕೊಂಡು ಸವಾರಿ ಮಾಡುತ್ತಾ 20×40 ಮೀಟರ್ ಅಂಗಳದಲ್ಲಿ ಆರಂಭದ ಹಂತದ ಟೆಸ್ಟ್‌ಗಳಿಗೆ ಇಳಿಯುವವರಿಗೆ ಅದು ಅನ್ವಯಿಸುವುದಿಲ್ಲ.

ನಾನು ತಳಿಯನ್ನು ಆಮೇಲೆ ಕೇಳುತ್ತೇನೆ, ಮೊದಲು ವಾಕ್, ಅಂದರೆ ಕುದುರೆಯ ನಿಧಾನದ ನಡಿಗೆ ನೋಡುತ್ತೇನೆ. ಟ್ರಾಟನ್ನು, ಅಂದರೆ ಕುಕ್ಕುಲೋಟವನ್ನು, ತರಬೇತಿಯಿಂದ ಬಹಳಷ್ಟು ಸುಧಾರಿಸಬಹುದು. ವಾಕ್ ಹಾಗಲ್ಲ, ಸುಧಾರಿಸುವುದು ಕಷ್ಟ, ಕೆಡಿಸುವುದು ಸುಲಭ. ಅನೇಕ ಟೆಸ್ಟ್‌ಗಳಲ್ಲಿ ಲಗಾಮು ಸಡಿಲಬಿಟ್ಟು ನಡೆಸುವ ವಾಕ್‌ಗೆ ಅಂಕ ಎರಡರಷ್ಟು ಲೆಕ್ಕಕ್ಕೆ ಬರುತ್ತದೆ. ಪರೀಕ್ಷೆ ಹೀಗೆ: ಮರಳನ್ನು ಸಮ ಮಾಡಿಸಿ, ಸೈಸ್ (ಕುದುರೆ ನೋಡಿಕೊಳ್ಳುವವ) ಕೈಯಲ್ಲಿ ಹಗ್ಗ ಸಡಿಲಬಿಟ್ಟು ಕುದುರೆಯನ್ನು ನೇರಕ್ಕೆ ನಡೆಸಿ. ಹಿಂಗಾಲಿನ ಗೊರಸು ಅದೇ ಪಕ್ಕದ ಮುಂಗಾಲಿನ ಗುರುತನ್ನು ದಾಟಿ ಒಂದು ಗೇಣಾದರೂ ಮುಂದೆ ಬೀಳಬೇಕು. ಗುರುತಿನ ಮೇಲೇ ಬಿದ್ದರೆ ಪರವಾಗಿಲ್ಲ ಎನ್ನಬಹುದು, ಹಿಂದೆ ಉಳಿದರೆ ಬೇಡ. ಆಮೇಲೆ ಪಕ್ಕದಿಂದ ನೋಡಿ. ನಾಲ್ಕು ಹೆಜ್ಜೆಯ ಸದ್ದು ಬೇರೆಬೇರೆಯಾಗಿ, ಸಮ ಅಂತರದಲ್ಲಿ ಕೇಳಬೇಕು. ಒಂದೇ ಪಕ್ಕದ ಎರಡೂ ಕಾಲು ಒಂಟೆಯಂತೆ ಜೊತೆಯಾಗಿ ಎದ್ದರೆ, ಟ್ರಾಟ್ ಎಷ್ಟೇ ಚೆಂದವಿದ್ದರೂ ಆ ಕುದುರೆಯನ್ನು ಬಿಡುತ್ತೇನೆ.

ರಾಜಸ್ಥಾನದ ಮಾರ್ವಾಡಿ ತಳಿಯ ಕುದುರೆಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಅವುಗಳಲ್ಲಿ ಹಲವಕ್ಕೆ ಒಂದೇ ಪಕ್ಕದ ಕಾಲುಗಳು ಬಹುತೇಕ ಜೊತೆಯಾಗಿ ಏಳುವ ‘ರೇವಾಲ್’ ಎಂಬ ನಡಿಗೆ ಹುಟ್ಟಿನಿಂದಲೇ ಬರುತ್ತದೆ. ದೂರದ ಸವಾರಿಗೆ ಮೈ ಅಲುಗದ ಸೊಗಸಾದ ನಡಿಗೆ ಅದು. ಆದರೆ ಡ್ರೆಸಾಜ್‌ನಲ್ಲಿ ವಾಕ್ ಅತ್ತ ಜಾರಿದರೆ ಅಂಕ ಕುಸಿಯುತ್ತದೆ. ಇನ್ನೊಂದು, ಕುತ್ತಿಗೆ ಎತ್ತರಕ್ಕೆ ಕೂಡಿರುವುದರಿಂದ ತಲೆ ಎತ್ತಿ ಬೆನ್ನು ತಗ್ಗಿಸುವುದು ಅವಕ್ಕೆ ಸಹಜ. ಕುತ್ತಿಗೆಯನ್ನು ಮುಂದಕ್ಕೂ ಕೆಳಕ್ಕೂ ಚಾಚಿಸುವ ಕೆಲಸವನ್ನು ತಿಂಗಳುಗಟ್ಟಲೆ, ಅವಸರವಿಲ್ಲದೆ ಮಾಡಿಸಬೇಕು. ವಾಕ್ ಶುದ್ಧವಾಗಿರುವ ಮಾರ್ವಾಡಿ ಸಿಕ್ಕರೆ, ಕಡಿಮೆ ಎತ್ತರದ ಸವಾರರಿಗೆ ಅದು ತುಂಬಾ ಒಳ್ಳೆಯ ಜೊತೆ.

ನಮ್ಮಲ್ಲಿ ಹೆಚ್ಚಿನವರ ಕೈಗೆ ಸಿಗುವುದು ಕುಣಿಗಲ್‌ನಂಥ ಸ್ಟಡ್‌ಗಳಲ್ಲಿ ಹುಟ್ಟಿ, ಬೆಂಗಳೂರು, ಮೈಸೂರಿನ ರೇಸ್‌ಗಳಲ್ಲಿ ಓಡಿ ನಿವೃತ್ತವಾದ ಥರೋಬ್ರೆಡ್. ಹವ್ಯಾಸಿಗೆ ನನ್ನ ಆಯ್ಕೆಯೂ ಅದೇ. ಬುದ್ಧಿ ಚುರುಕು, ವಾಕ್ ಸಾಮಾನ್ಯವಾಗಿ ಉದ್ದ, ಟ್ರಾಟ್ ಕೂರಲು ಆಗುವಷ್ಟು ಮಟ್ಟಸ. ಆದರೆ ರೇಸ್‌ನಲ್ಲಿ ಕಲಿತ ಪಾಠಗಳನ್ನು ಒಂದೊಂದಾಗಿ ಬಿಡಿಸಬೇಕು. ಲಗಾಮು ಬಿಗಿಯಾದರೆ ಅದಕ್ಕೆ ಒರಗಿಕೊಂಡು ಓಡಬೇಕು ಎಂದು ಅದು ಕಲಿತಿದೆ, ಹಾಗಾಗಿ ಎಳೆದಷ್ಟೂ ವೇಗ ಹೆಚ್ಚುತ್ತದೆ. ಎಳೆಯುವ ಬದಲು 20 ಮೀಟರ್ ವೃತ್ತಕ್ಕೆ ತಿರುಗಿಸಿ, ಬಿಗಿ ಹಿಡಿದು ತಕ್ಷಣ ಸಡಿಲಿಸಿ. ಜಾಕಿಗಳು ರಿಕಾಪು ಮೇಲಕ್ಕೆ ಕಟ್ಟಿಕೊಂಡು ಕೂರುವುದರಿಂದ ಪಕ್ಕೆಗೆ ಒತ್ತಿ ನಿಲ್ಲುವ ಕಾಲಿನ ಪರಿಚಯವೇ ಅದಕ್ಕಿಲ್ಲ. ಉದ್ದ ಕಾಲು ಬಿಟ್ಟು ಕೂತ ಮೊದಲ ದಿನ ಮುನ್ನುಗ್ಗುವುದು ಅದಕ್ಕೇ, ಹಟಕ್ಕಲ್ಲ. ಕಾಲನ್ನು ದೂರ ಹಿಡಿಯಬೇಡಿ, ಮೆತ್ತಗೆ ಮೈಗೆ ತಾಗಿಸಿಕೊಂಡೇ ವಾಕ್‌ನಲ್ಲಿ ರೂಢಿ ಮಾಡಿಸಿ. ಹತ್ತುವಾಗ ನಿಲ್ಲುವುದೂ ಹೊಸದು. ಜಾಕಿಯನ್ನು ಸಾಮಾನ್ಯವಾಗಿ ನಡೆಯುತ್ತಿರುವ ಕುದುರೆಯ ಮೇಲೆಯೇ ಎತ್ತಿ ಕೂರಿಸುತ್ತಾರೆ. ಒಂದೇ ದಿಕ್ಕಿಗೆ ಹೆಚ್ಚು ಓಡಿದ್ದರಿಂದ ಒಂದು ಕಡೆಯ ಕ್ಯಾಂಟರ್ (ಟ್ರಾಟ್‌ಗಿಂತ ವೇಗದ ಓಟ) ತಪ್ಪುತ್ತದೆ, ಆ ಕಡೆಗೆ ತಿರುಗುವಾಗ ಕುದುರೆ ತಪ್ಪು ಕಾಲನ್ನು ಮುಂದಿಡುತ್ತದೆ. ಆ ಕಡೆಯದನ್ನು ಟ್ರಾಟ್‌ನಿಂದ, ಅಂಗಳದ ಮೂಲೆಯಲ್ಲಿ ಕೇಳಿ, ಸಿಕ್ಕ ಕೂಡಲೇ ಕೆಲವು ಹೆಜ್ಜೆಗೇ ನಿಲ್ಲಿಸಿ ಬೆನ್ನು ತಟ್ಟಿ.

ಮೇವಿನ ವಿಷಯ ಸವಾರಿಯಷ್ಟೇ ಮುಖ್ಯ. ರೇಸ್ ಕುದುರೆಗೆ ಬೀಳುತ್ತಿದ್ದ ಓಟ್ಸ್ ಅಷ್ಟನ್ನೇ ಹಾಕಿ ದಿನಕ್ಕೆ ಮುಕ್ಕಾಲು ಗಂಟೆ ಕೆಲಸ ಮಾಡಿಸಿದರೆ, ಮಿಕ್ಕ ಶಕ್ತಿ ಎಲ್ಲಿ ಹೊರಬರುತ್ತದೆಂದು ಹೇಳಬೇಕಾಗಿಲ್ಲ. ಕಾಳನ್ನು 10ರಿಂದ 14 ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಿ, ಒಮ್ಮೆಲೇ ಬದಲಿಸಿದರೆ ಹೊಟ್ಟೆಶೂಲೆ ಬರಬಹುದು. ಒಣಹುಲ್ಲು ದೇಹತೂಕದ ಶೇ. 1.5ರಿಂದ 2, ಅಂದರೆ 450 ಕಿಲೋ ಕುದುರೆಗೆ ಸುಮಾರು 7ರಿಂದ 9 ಕಿಲೋ. ಬೇಯಿಸಿದ ಹುರುಳಿ ಹಾಕುವುದು ನಮ್ಮ ಹಳೆಯ ರೂಢಿ, ಹಾಕಬಹುದು, ಆದರೆ ಅದನ್ನೂ ಕಾಳಿನ ಲೆಕ್ಕಕ್ಕೇ ಸೇರಿಸಿ.

ಕೊಳ್ಳುವ ಮೊದಲು ಪಶುವೈದ್ಯರಿಂದ ಮುಂಗಾಲಿನ ಸ್ನಾಯುರಜ್ಜುಗಳನ್ನು ಮುಟ್ಟಿಸಿ ನೋಡಿ. ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿ ಬಿಲ್ಲಿನಂತೆ ಉಬ್ಬಿದ್ದರೆ ಹಳೆಯ ಗಾಯ. ತಣ್ಣಗಿದ್ದು, ಕುಂಟು ಇಲ್ಲದಿದ್ದರೆ ಆರಂಭದ ಹಂತಕ್ಕೆ ನಡೆಯಬಹುದು, ಬಿಸಿಯಿದ್ದರೆ ಬೇಡ. ಥರೋಬ್ರೆಡ್‌ನ ಗೊರಸಿನ ತಳ ತೆಳು, ಹಿಮ್ಮಡಿ ತಗ್ಗು. ಲಾಳವನ್ನು 4ರಿಂದ 6 ವಾರಕ್ಕೊಮ್ಮೆ ಬದಲಿಸಲೇಬೇಕು. ಬೆನ್ನಿನ ಸ್ನಾಯು ತುಂಬಿಕೊಂಡಂತೆ ಆಕಾರ ಬದಲಾಗುವುದರಿಂದ ಜೀನು ಸರಿಯಾಗಿ ಕೂರುತ್ತಿದೆಯೇ ಎಂದು ಮೊದಲ ವರ್ಷದಲ್ಲಿ ಎರಡು ಮೂರು ಸಲ ಪರೀಕ್ಷಿಸಬೇಕು. ಹೆಗಲ ಮೇಲೆ ಎರಡು ಮೂರು ಬೆರಳಿನಷ್ಟು ಜಾಗ ಇರಲಿ.

ಹ್ಯಾನೋವೇರಿಯನ್, ಡಚ್ ವಾರ್ಮ್‌ಬ್ಲಡ್‌ನಂಥ ಯೂರೋಪಿನ ತಳಿಗಳ ಬಗ್ಗೆ ಇಷ್ಟೇ: ಆ ದೊಡ್ಡ ಟ್ರಾಟ್ ನೋಡಲು ಎಷ್ಟು ಚೆಂದವೋ ಅದರ ಮೇಲೆ ಅಲುಗದೆ ಕೂರುವುದು ಅಷ್ಟೇ ಕಷ್ಟ. ಸವಾರ ಪುಟಿದಾಗ ಕೈ ಅಲುಗುತ್ತದೆ, ಕೈ ಅಲುಗಿದರೆ ಕುದುರೆಯ ಬಾಯಿ ಗಟ್ಟಿಯಾಗುತ್ತದೆ. ಕೊಳ್ಳುವ ಶಕ್ತಿ ಇದ್ದವರು ಎಳೆಯ ಪ್ರಾಯದ್ದನ್ನು ಬಿಟ್ಟು, ಕೆಲಸ ಚೆನ್ನಾಗಿ ಬಲ್ಲ, 12 ವರ್ಷ ದಾಟಿದ, ಸಮಾಧಾನದ ಕುದುರೆಯನ್ನು ಹುಡುಕಿ.