ಹಳೆಯ ಗ್ರಾಮಫೋನಿಗೆ ಅದರ ಕಾಲದ್ದೇ ಸೌಂಡ್‌ಬಾಕ್ಸ್: ಹುಡುಕುವುದು ಹೇಗೆ?

ಮಂಗಳೂರು, ಉಡುಪಿ ಕಡೆಯ ಹಳೆಯ ಮನೆಗಳ ಉಪ್ಪರಿಗೆಯಲ್ಲಿ ಇಂದಿಗೂ ಗ್ರಾಮಫೋನ್ ಪೆಟ್ಟಿಗೆ ಸಿಗುವುದುಂಟು. ಕೆಲವು ಮುಂಬೈಯಲ್ಲಿ ಹೋಟೆಲ್ ನಡೆಸಿದವರು ಊರಿಗೆ ತಂದವು, ಕೆಲವು ಮದುವೆಗೆ ಬಂದ ಉಡುಗೊರೆ. ಕೀ ಕೊಟ್ಟರೆ ತಟ್ಟೆ ತಿರುಗುತ್ತದೆ. ಆದರೆ ತೋಳಿನ ತುದಿ ಬೋಳು. ಮುಳ್ಳು ಸಿಕ್ಕಿಸುವ ಆ ದುಂಡನೆಯ ಸೌಂಡ್‌ಬಾಕ್ಸ್ ಮಾತ್ರ ಇರುವುದಿಲ್ಲ. ಕೈಯಲ್ಲಿ ತಿರುಗಿಸಿದರೆ ಬಿಚ್ಚಿ ಬರುವ ಭಾಗ ಅದು, ಹಾಗಾಗಿ ಮೊದಲು ಕಳೆದುಹೋಗುವುದೂ ಅದೇ.

ಆಮೇಲೆ ಆಗುವುದು ಸಂಕಟದ ವಿಷಯ. ಯಾರೋ ಪ್ರವಾಸಕ್ಕೆ ಹೋದಾಗ ಹೊಳೆಯುವ ಹೊಸ ಸೌಂಡ್‌ಬಾಕ್ಸ್ ತಂದು ಸಿಕ್ಕಿಸುತ್ತಾರೆ. ಹಾಡು ತಗಡು ಬಡಿದ ಹಾಗೆ ಕೇಳುತ್ತದೆ. 'ಹಳೆಯದಲ್ವಾ, ಇಷ್ಟೇ ಇದರ ಹಣೆಬರಹ' ಎಂದು ಪೆಟ್ಟಿಗೆ ಮತ್ತೆ ಉಪ್ಪರಿಗೆ ಸೇರುತ್ತದೆ. ತಪ್ಪು ಪೆಟ್ಟಿಗೆಯದ್ದಲ್ಲ. ವಿದ್ಯುತ್ತೇ ಇಲ್ಲದ ಯಂತ್ರ ಇದು. ಮುಳ್ಳಿನ ನಡುಕವನ್ನು ಒಂದು ಸಣ್ಣ ಕಡ್ಡಿ ಡಯಾಫ್ರಂ ಎಂಬ ತೆಳು ಹಾಳೆಗೆ ದಾಟಿಸುತ್ತದೆ, ಡಯಾಫ್ರಂ ಅದನ್ನು ದನಿ ಮಾಡುತ್ತದೆ. ಆ ಜಾಗದಲ್ಲಿ ಕೆಟ್ಟ ಮಾಲು ಕೂತರೆ ಉಳಿದದ್ದೆಲ್ಲ ಚೆನ್ನಾಗಿದ್ದೂ ಪ್ರಯೋಜನವಿಲ್ಲ.

ಮೊದಲು ನಿಮ್ಮ ಪೆಟ್ಟಿಗೆ ಯಾವುದೆಂದು ತಿಳಿಯಿರಿ

ಒಳಗೆ ಎಲ್ಲಾದರೂ ಸಣ್ಣ ಫಲಕ ಇದೆಯೇ ನೋಡಿ, ಮಾಡೆಲ್ ಸಂಖ್ಯೆ ಬರೆದುಕೊಳ್ಳಿ. ತಿರುಗುವ ತಟ್ಟೆ ಎತ್ತಬೇಕಾದರೆ ಎರಡೂ ಕೈಯಿಂದ ನೇರ ಮೇಲಕ್ಕೆ ಎತ್ತಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ನಡುವಿನ ಕಡ್ಡಿ ಬಾಗುತ್ತದೆ. ಸ್ಪ್ರಿಂಗ್ ಇರುವ ಡಬ್ಬಿಯನ್ನಂತೂ ಮುಟ್ಟಲೇಬೇಡಿ. ಅದು ಚಿಮ್ಮಿದರೆ ಬೆರಳು ಹೋಗುತ್ತದೆ.

ನಮ್ಮ ಕಡೆ ಜಾಸ್ತಿ ಸಿಗುವುದು ಎಚ್‌ಎಂವಿ ಕಂಪನಿಯ ಕೈಪೆಟ್ಟಿಗೆಗಳು. 1925ರಲ್ಲಿ ಬಂದ 101 ಮಾಡೆಲ್‌ಗೆ ಹೊಂದುವುದು ನಂಬರ್ 4 ಸೌಂಡ್‌ಬಾಕ್ಸ್. 1931ರಲ್ಲಿ ಬಂದ 102ಕ್ಕೆ ಮೊದಮೊದಲು 5ಎ, ಆಮೇಲೆ 5ಬಿ. ಕೆಲವು 102ಗಳಲ್ಲಿ ನಂಬರ್ 16 ಅಥವಾ 270 ಇರುವುದೂ ಉಂಟು. ಇನ್ನೂ ಹಿಂದಿನ, ಹೊರಗೆ ಕೊಳವೆ ಇರುವ ಯಂತ್ರಗಳಿಗೆ ಎಕ್ಸಿಬಿಷನ್ ಎಂಬ ಹೆಸರಿನದ್ದು. 1920ರ ದಶಕದ ಆರಂಭದ ಯಂತ್ರಗಳಲ್ಲಿ ನಂಬರ್ 2. ಕೊಲಂಬಿಯಾ ಪೆಟ್ಟಿಗೆಗೆ ಕೊಲಂಬಿಯಾದ್ದೇ ಬೇಕು. ಆ ಎರಡು ಕಂಪನಿಗಳು 1931ರಲ್ಲಿ ಸೇರಿ ಇಎಂಐ ಆದವು ನಿಜ, ಆದರೆ ಅದಕ್ಕೂ ಮೊದಲಿನ ಕೊಲಂಬಿಯಾಕ್ಕೆ ಎಚ್‌ಎಂವಿ ಮಾಲು ಸಿಕ್ಕಿಸುವುದು ಸರಿಯಲ್ಲ.

ಇಲ್ಲಿ ಒಂದು ಮಾತು. ಧ್ವನಿಮುದ್ರಣಕ್ಕೆ ಮೈಕ್ರೊಫೋನ್ ಬಂದದ್ದು 1925ರಲ್ಲಿ. ಹೊಸ ಹಾಡಿನ ತಟ್ಟೆಗಳು ಚೆನ್ನಾಗಿ ಕೇಳಲಿ ಎಂದು ಹಳೆಯ ಯಂತ್ರಕ್ಕೆ ಹೊಸ ಸೌಂಡ್‌ಬಾಕ್ಸ್ ಹಾಕಿಸಿಕೊಂಡವರು ಆಗಲೇ ಇದ್ದರು. ನಿಮ್ಮ ಅಜ್ಜ ಹಾಗೆ ಹಾಕಿಸಿಕೊಂಡದ್ದು ಗೊತ್ತಿದ್ದರೆ ಅದನ್ನು ಕಿತ್ತುಹಾಕಬೇಡಿ. ಅದೂ ಆ ಕಾಲದ್ದೇ, ಆ ಮನೆಯದ್ದೇ.

ಎಲ್ಲಿ ಹುಡುಕುವುದು

ಮೊದಲು ಮನೆಯಲ್ಲೇ. ಹೊಲಿಗೆ ಯಂತ್ರದ ಖಾನೆ, ಹಳೆಯ ಬಿಸ್ಕೆಟ್ ಡಬ್ಬಿ, ಬೀಗದ ಕೈಗಳ ಗೊಂಚಲು ಇಡುವ ಮರದ ಪೆಟ್ಟಿಗೆ, ಎಲ್ಲವನ್ನೂ ನೋಡಿ. ಆಮೇಲೆ ಹಳೆಯ ರೇಡಿಯೊ, ಗಡಿಯಾರ ರಿಪೇರಿಯವರನ್ನು ಕೇಳಿ. ಮಂಗಳೂರಿನ ಬಂದರು ಪ್ರದೇಶದ ಗುಜರಿ ಅಂಗಡಿಗಳಲ್ಲಿ ಹಳೆಯ ಮನೆ ಕೆಡವಿದಾಗ ಬಂದ ಸಾಮಾನಿನ ರಾಶಿ ಇರುತ್ತದೆ. ಹೆಸರು ಹೇಳಿ ಕೇಳಿದರೆ 'ಇಲ್ಲ' ಎನ್ನುತ್ತಾರೆ. ಮೊಬೈಲಿನಲ್ಲಿ ಚಿತ್ರ ತೋರಿಸಿ, ಆಗ ನೆನಪಾಗುತ್ತದೆ. ನಂಬರ್ ಕೊಟ್ಟು ಬನ್ನಿ.

ಬೆಂಗಳೂರಿನ ಸಂಡೇ ಬಜಾರ್, ಮುಂಬೈಯ ಚೋರ್ ಬಜಾರ್‌ನಲ್ಲಿ ಮಾಲು ಇದೆ, ನಕಲಿಯೂ ಅಷ್ಟೇ ಇದೆ. ಇಂಗ್ಲೆಂಡಿನಿಂದ ಆನ್‌ಲೈನಿನಲ್ಲಿ ತರಿಸಬಹುದು. ಎಚ್‌ಎಂವಿಯ ದೊಡ್ಡ ಕಾರ್ಖಾನೆ ಇದ್ದದ್ದು ಅಲ್ಲಿನ ಹೇಯ್ಸ್‌ನಲ್ಲಿ, ಹಾಗಾಗಿ ಅಲ್ಲಿ ಆಯ್ಕೆ ಜಾಸ್ತಿ. ಆದರೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಸೇರಿಸಿಯೇ ಲೆಕ್ಕ ಹಾಕಿ.

ಸೌಂಡ್‌ಬಾಕ್ಸ್ ಒಂದರ ಆಸೆಗೆ ಹಾಡುತ್ತಿರುವ ಇನ್ನೊಂದು ಗ್ರಾಮಫೋನನ್ನು ಕೊಂಡು ಬಿಚ್ಚಬೇಡಿ. ಒಂದನ್ನು ಉಳಿಸಲು ಇನ್ನೊಂದನ್ನು ಕೊಂದ ಹಾಗೆ ಅದು. ಮೋಟಾರು ಸತ್ತು, ಮರ ಗೆದ್ದಲು ಹಿಡಿದ ಪೆಟ್ಟಿಗೆಯಾದರೆ ಸರಿ.

ಕೈಗೆ ಬಂದಾಗ ಪರೀಕ್ಷೆ: ಇಲ್ಲೇ ಹೆಚ್ಚಿನವರು ಸೋಲುವುದು

'ಇದು ಒರಿಜಿನಲ್ಲಾ?' ಎಂದು ಕೇಳುವುದರಿಂದ ಏನೂ ಆಗುವುದಿಲ್ಲ. ಹೌದು ಎಂದೇ ಎಲ್ಲರೂ ಹೇಳುವುದು. ಬೆಳಕಿಗೆ ಹಿಡಿದು ನೀವೇ ನೋಡಬೇಕು. ಒಂದು ಸಣ್ಣ ಭೂತಗನ್ನಡಿ ಜೇಬಿನಲ್ಲಿರಲಿ.

ಅಕ್ಷರಗಳಿಂದ ಶುರು ಮಾಡಿ. ಅಸಲಿಯಲ್ಲಿ ಕಂಪನಿಯ ಹೆಸರು, ನಂಬರು ಚೂಪಾಗಿ ಇರುತ್ತವೆ. ತುಂಬಾ ಸವೆದಿದ್ದರೂ ಅಕ್ಷರದ ಅಂಚು ನೇರ. ನಕಲಿಯವರು ಅಸಲಿಯ ಮೇಲೇ ಅಚ್ಚು ತೆಗೆದು ಎರಕ ಹೊಯ್ಯುತ್ತಾರೆ. ಆಗ ಅಂಚುಗಳು ಮೆತ್ತಗಾಗಿ, ಅಕ್ಷರಗಳ ಹೊಟ್ಟೆ ತುಂಬಿಕೊಂಡಿರುತ್ತದೆ. ನಾಯಿಯ ಚಿತ್ರ ಇದ್ದರೆ ಅದರ ಮೂತಿ, ಕಿವಿ ನೋಡಿ. ಫ್ರಾನ್ಸಿಸ್ ಬರಾಡ್ ಬರೆದ ಆ ನಿಪ್ಪರ್ ನಾಯಿ ತಲೆ ವಾಲಿಸಿ ಕೊಳವೆಯ ಕಡೆ ಕಿವಿಗೊಟ್ಟಿದೆ. ನಕಲಿಯಲ್ಲಿ ಅದು ಯಾವ ಪ್ರಾಣಿ ಎಂದು ಹೇಳುವುದೇ ಕಷ್ಟ.

ಆಮೇಲೆ ಲೇಪ. ಹಳೆಯ ನಿಕಲ್ ಲೇಪ ಸ್ವಲ್ಪ ಹಳದಿ ಛಾಯೆಯ ಬಿಳಿ, ಕೈ ತಾಗುವ ಕಡೆ ಸವೆದು ಒಳಗಿನ ಹಿತ್ತಾಳೆ ಇಣುಕುತ್ತದೆ. ಕ್ರೋಮ್‌ನದ್ದು ನೀಲಿ ಮಿಶ್ರಿತ ಹೊಳಪು. ಕ್ರೋಮ್ ಲೇಪ ಬಳಕೆಗೆ ಬಂದದ್ದೇ 1920ರ ದಶಕದ ಕೊನೆಗೆ. ಹಾಗಾದರೆ ಕ್ರೋಮ್‌ನಲ್ಲಿ ಮಿನುಗುವ ಎಕ್ಸಿಬಿಷನ್ ಸೌಂಡ್‌ಬಾಕ್ಸ್ ಎಂದರೆ ಒಂದೋ ನಕಲಿ, ಇಲ್ಲವೇ ಆಮೇಲೆ ಯಾರೋ ಲೇಪ ಹಾಕಿಸಿದ್ದು. ಎರಡೂ ಬೇಡ.

ಡಯಾಫ್ರಂ ನೋಡಿ. ಎಕ್ಸಿಬಿಷನ್, ನಂಬರ್ 2, ನಂಬರ್ 4, ಈ ಮೂರರಲ್ಲೂ ಕಾಗೆಬಂಗಾರದ ಹಾಳೆ. 5ಎ, 5ಬಿಗಳಲ್ಲಿ ಗೆರೆಗಳ ವಿನ್ಯಾಸ ಒತ್ತಿದ ತೆಳು ಅಲ್ಯುಮಿನಿಯಂ, ಅದರ ಮುಂದೆ ತೂತುಗಳಿರುವ ರಕ್ಷಣೆಯ ಮುಚ್ಚಳ. ನಂಬರ್ 4ರಲ್ಲಿ ಅಲ್ಯುಮಿನಿಯಂ ಕಂಡರೆ ಯಾರೋ ಬದಲಿಸಿದ್ದಾರೆ ಎಂದೇ ಅರ್ಥ. ಕಾಗೆಬಂಗಾರದ ಜಾಗದಲ್ಲಿ ಪ್ಲಾಸ್ಟಿಕ್ ಹಾಕಿ ಮಾರುವುದು ತೀರಾ ಸಾಮಾನ್ಯ. ಓರೆಯಾಗಿ ಬೆಳಕಿಗೆ ಹಿಡಿಯಿರಿ. ನಿಜವಾದ ಕಾಗೆಬಂಗಾರದಲ್ಲಿ ಪದರಗಳು, ಸಣ್ಣ ಚುಕ್ಕಿಗಳು ಕಾಣುತ್ತವೆ. ಅಂಚಿನಲ್ಲಿ ಬೆಳ್ಳಗೆ ಪದರ ಬಿಟ್ಟಿದ್ದರೆ ಅದೂ ದನಿ ಕೆಡಿಸುತ್ತದೆ, ಬೆಲೆ ಇಳಿಸಿ ಕೇಳಿ.

ಈಗ ಮುಳ್ಳು ಹಿಡಿಯುವ ಕಡ್ಡಿ. ಬೆರಳ ತುದಿಯಲ್ಲಿ ತೀರಾ ಹಗುರವಾಗಿ ಒತ್ತಿ. ಕೂದಲೆಳೆಯಷ್ಟು ಬಾಗಿ ತಾನೇ ವಾಪಸ್ ಬರಬೇಕು. ಕಟಕಟ ಎಂದು ಜಗ್ಗಾಡಿದರೆ ಅದು ಕೂತಿರುವ ಜಾಗ ಸವೆದಿದೆ. ಸ್ವಲ್ಪವೂ ಅಲುಗದಿದ್ದರೆ ತುಕ್ಕು ಹಿಡಿದಿದೆ, ಇಲ್ಲವೇ ಯಾರೋ ಅಂಟು ಹಾಕಿದ್ದಾರೆ. ಅಂಟು ಹಾಕಿದ್ದಾದರೆ ಬಿಟ್ಟುಬಿಡಿ.

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದ, ಯಾರೂ ನೋಡದ ವಿಷಯ: ಮೈಯ ಲೋಹ. 5ಬಿ ಮತ್ತು ಆ ಕಾಲದ ಹಲವು ಸೌಂಡ್‌ಬಾಕ್ಸ್‌ಗಳ ಮೈ ಸತುವಿನ ಎರಕ. ಆ ಸತುವಿನಲ್ಲಿ ಸೀಸದಂಥ ಬೆರಕೆ ಉಳಿದಿದ್ದರೆ ತೇವ ಮತ್ತು ಸೆಕೆಗೆ ಲೋಹ ಒಳಗಿನಿಂದಲೇ ಬಿರಿಯುತ್ತದೆ. ನಮ್ಮ ಕರಾವಳಿಯಲ್ಲಿ ತೇವಕ್ಕೂ ಸೆಕೆಗೂ ಬರವಿಲ್ಲ ಅಲ್ವಾ? ಮೊದಲು ಕೂದಲಿನಂಥ ಬಿರುಕಿನ ಜಾಲ, ಆಮೇಲೆ ಮೈ ಊದಿ ಡೊಂಕಾಗುತ್ತದೆ, ಕೊನೆಗೆ ಚೂರು ಚೂರು. ಇದಕ್ಕೆ ಔಷಧಿ ಇಲ್ಲ. ಎಪಾಕ್ಸಿ, ಸೂಪರ್ ಗ್ಲೂ ಯಾವುದೂ ನಡೆಯುವುದಿಲ್ಲ. ಕಣ್ಣಿನ ಮಟ್ಟಕ್ಕೆ ಹಿಡಿದು ನಿಧಾನಕ್ಕೆ ತಿರುಗಿಸಿ, ದುಂಡು ಸರಿಯಿದೆಯೇ ನೋಡಿ. ಹಿಂಬದಿಯಲ್ಲಿ, ಸ್ಕ್ರೂಗಳ ಸುತ್ತ ಬಿರುಕು ಹುಡುಕಿ. ಇಂಥದ್ದು ನಿಮ್ಮ ತೋಳಿಗೇ ಬಿಗಿದುಕೊಂಡಿದ್ದರೆ ಬಲ ಹಾಕಿ ತಿರುಗಿಸಬೇಡಿ, ತೋಳಿನ ಕತ್ತೂ ಮುರಿಯುತ್ತದೆ.

ಕೊರಿಯರ್‌ನಲ್ಲಿ ತರಿಸುವುದಾದರೆ ಮುಂದಿನ, ಹಿಂದಿನ, ಪಕ್ಕದ ಫೋಟೊ, ಹಿಂಬದಿಯ ತೂತಿನ ಹತ್ತಿರದ ಫೋಟೊ ಕೇಳಿ. ಕೊಡದವರ ಹತ್ತಿರ ವ್ಯಾಪಾರವೇ ಬೇಡ. ಆಯ್ಕೆ ಇದ್ದರೆ 102ಕ್ಕೆ 5ಎ ಹುಡುಕಿ ಎನ್ನುವುದು ನನ್ನ ಖಡಾಖಂಡಿತ ಸಲಹೆ. ಅದರ ದನಿ ತುಂಬಿಕೊಂಡಿರುತ್ತದೆ.

ಹಿತ್ತಾಳೆ ಕೊಳವೆಯ, ಹೊಸ ಮರದ, ಮುಂದೆ ದೊಡ್ಡ ಹಿತ್ತಾಳೆ ಫಲಕ ಬಡಿದ 'ಆ್ಯಂಟಿಕ್' ಗ್ರಾಮಫೋನ್‌ಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಅವು ಅಲಂಕಾರಕ್ಕೆ ಈಚೆಗೆ ಮಾಡಿದವು. ಅವುಗಳ ಸೌಂಡ್‌ಬಾಕ್ಸ್ ನಿಮ್ಮ ತೋಳಿಗೆ ಕೂತರೂ ಹಾಕಬೇಡಿ. ತಟ್ಟೆಯ ಗೆರೆಗಳನ್ನೇ ಕೆತ್ತಿ ಪುಡಿ ಮಾಡುತ್ತದೆ.

ಹಾಕುವ ಮೊದಲು

ಹಿಂಬದಿಯ ರಬ್ಬರ್ ಮತ್ತು ಡಯಾಫ್ರಂ ಅಂಚಿನ ಗ್ಯಾಸ್ಕೆಟ್ ಕಲ್ಲಾಗಿರುತ್ತವೆ. ಇವನ್ನು ಹೊಸದು ಹಾಕಿಸಿ, ಸಂಕೋಚ ಬೇಡ. ರಬ್ಬರ್ ಸವೆಯುವ ವಸ್ತು, ಬದಲಿಸಿದರೆ ಅಸಲಿತನಕ್ಕೆ ಕುಂದಿಲ್ಲ. ಮೆತ್ತಗಿನ ರಬ್ಬರ್ ಕೊಳವೆಯೇ ಆಗಬೇಕು, ಗಟ್ಟಿ ಪ್ಲಾಸ್ಟಿಕ್ ಆಗದು. ಕಾಗೆಬಂಗಾರದ ಡಯಾಫ್ರಂಗೆ ಕಡ್ಡಿ ಸೇರುವ ಜಾಗದಲ್ಲಿ ಜೇನುಮೇಣದ ಒಂದು ಹನಿ ಸಾಕು.

ಹುಣಸೆಹುಳಿ ಹಾಕಿ ತಿಕ್ಕಬೇಡಿ. ದೇವರ ದೀಪಕ್ಕೆ ಅದು ಸರಿ, ಇಲ್ಲಿ ಲೇಪವೇ ಎದ್ದುಹೋಗುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಅಷ್ಟೇ. ಮಂಕಾದ ಅಸಲಿ ಮೈ ಹಾಗೇ ಚೆಂದ.

ತೋಳಿಗೆ ಸಿಕ್ಕಿಸಿದಾಗ ಜಗ್ಗಾಡಬಾರದು, ಗಾಳಿ ಸೋರಬಾರದು. ಹೊಸ ಉಕ್ಕಿನ ಮುಳ್ಳು ಹಾಕಿ, ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆ ಇಟ್ಟು ಕೇಳಿ. ನಮ್ಮ ದೇಶದಲ್ಲಿ 1960ರ ದಶಕದಲ್ಲೂ ಇವು ಬರುತ್ತಿದ್ದವು, ಹಾಗಾಗಿ ಸಿಗುವುದು ಕಷ್ಟವಿಲ್ಲ. ಮುಳ್ಳನ್ನು ತಟ್ಟೆಯ ಪ್ರತಿ ಬದಿಗೂ ಬದಲಿಸಿ. ಒಂದೇ ಮುಳ್ಳಲ್ಲಿ ಹತ್ತು ಹಾಡು ಕೇಳುವುದು ತಟ್ಟೆಗೆ ಚಾಕು ಹಾಕಿದಂತೆಯೇ ಸರಿ. ಈಚಿನ ವಿನೈಲ್ ಎಲ್‌ಪಿಗಳನ್ನು ಇಡಲೇಬೇಡಿ. ನೂರು ಗ್ರಾಂಗೂ ಮೀರಿದ ಭಾರಕ್ಕೆ ಒಮ್ಮೆಗೇ ಹಾಳಾಗುತ್ತವೆ. ದನಿಯಲ್ಲಿ ಗುಂಯ್ ಎಂಬ ನಡುಕ ಇದ್ದರೆ ಮೊದಲು ರಬ್ಬರ್ ಮತ್ತೆ ನೋಡಿ, ಹೆಚ್ಚಾಗಿ ಕಾರಣ ಅಲ್ಲೇ ಇರುತ್ತದೆ.

ಮಳೆಗಾಲದಲ್ಲಿ ಸೌಂಡ್‌ಬಾಕ್ಸನ್ನು ಬಿಚ್ಚಿ, ಸಿಲಿಕಾ ಜೆಲ್ ಪೊಟ್ಟಣದ ಜತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಆ ಪೊಟ್ಟಣವನ್ನು ಆಗಾಗ ಬದಲಿಸಿ. ಡಬ್ಬಿಯ ಮೇಲೆ ಯಾವ ಮಾಡೆಲ್‌ನದ್ದು, ಎಲ್ಲಿಂದ ಬಂತು, ಯಾವಾಗ ರಬ್ಬರ್ ಬದಲಿಸಿದ್ದು ಎಂದು ಚೀಟಿ ಅಂಟಿಸಿ. ತೆಗೆದ ಹಳೆಯ ಸ್ಕ್ರೂ, ಒಡೆದ ಡಯಾಫ್ರಂ ಯಾವುದನ್ನೂ ಎಸೆಯಬೇಡಿ. ಮುಂದೆ ರಿಪೇರಿ ಮಾಡುವವರಿಗೆ ಅಳತೆ ಸಿಗುವುದು ಅವುಗಳಿಂದಲೇ.