ಅಮಾವಾಸ್ಯೆ ಭಜನೆಗೆ ನಮ್ಮದೇ ಸ್ಟ್ರೀಮಿಂಗ್ ಸರ್ವರ್

ಕಲಬುರಗಿಯ ನಮ್ಮ ಓಣಿಯಲ್ಲಿ ಅಮಾವಾಸ್ಯೆ ಬಂತೆಂದರೆ ರಾತ್ರಿಯಿಡೀ ತತ್ವಪದ. ಕಡಕೋಳ ಮಡಿವಾಳಪ್ಪನವರ ಪದಗಳೇ ಜಾಸ್ತಿ. ಪುಣೆ, ಮುಂಬೈಗೆ ದುಡಿಯಲು ಹೋದವರಿಗೂ ಕೇಳಿಸಬೇಕಿತ್ತು. ಯೂಟ್ಯೂಬ್ ಇದೆಯಲ್ಲ ಅಂದರೆ, ಇದೆ. ಆದರೆ ಪದದ ನಡುವೆ ಜಾಹೀರಾತು ಬರೋದು ಹಿರಿಯರಿಗೆ ಹಿಡಿಸುವುದಿಲ್ಲ. ಡೇಟಾ ಉಳಿಸುವವರಿಗೆ ಬರೀ ಆಡಿಯೊ ಕೊಡುವ ಆಸೆ ನನಗಿತ್ತು.

ಅದಕ್ಕೇ ಭಜನೆಯನ್ನು ಇಂಟರ್ನೆಟ್ಟಿನಲ್ಲಿ ನೇರವಾಗಿ ಹಂಚುವ ಕಂಪ್ಯೂಟರ್, ಅಂದರೆ ಸ್ಟ್ರೀಮಿಂಗ್ ಸರ್ವರ್, ನಮ್ಮದೇ ಮಾಡಿಕೊಂಡೆ. ಅದನ್ನು ಮನೆಯಲ್ಲಿಡಲಿಲ್ಲ. ವಿಡಿಯೊ, ಆಡಿಯೊ ಸೇರಿ ಒಬ್ಬರಿಗೆ 900 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಸಾವಿರ ಬಿಟ್ ಡೇಟಾ; ಸಾವಿರ ಕೆಬಿಪಿಎಸ್ ಅಂದರೆ ಒಂದು ಎಂಬಿಪಿಎಸ್) ಅಂದುಕೊಂಡರೂ ನೂರು ಜನಕ್ಕೆ 90 ಎಂಬಿಪಿಎಸ್ ಅಪ್‌ಲೋಡ್ ಬೇಕು. ಮೇಲೆ ಬೇಸಿಗೆಯ ಕರೆಂಟು ನಂಬುವ ಹಾಗಿಲ್ಲ. ಹಾಗಾಗಿ ಮುಂಬೈನ ಡೇಟಾ ಸೆಂಟರಿನಲ್ಲಿ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಇರುವ ಒಂದು ಚಿಕ್ಕ ಸರ್ವರನ್ನು ತಿಂಗಳ ಬಾಡಿಗೆಗೆ ತಗೊಂಡೆ. ಇಲ್ಲಿಂದ ಹೋಗೋದು ಒಂದೇ ಸ್ಟ್ರೀಮ್, ಹಂಚೋದು ಅದರ ಕೆಲಸ.

ಅದರಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಸಾಫ್ಟ್‌ವೇರ್ ಮತ್ತು ನೇರ ವಿಡಿಯೊವನ್ನು ಒಳಗೆ ತಗೊಳ್ಳುವ ಅದರ ಆರ್‌ಟಿಎಂಪಿ ಮಾಡ್ಯೂಲ್ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಕ್ಯಾಮೆರಾ, ಮೈಕು ಸೇರಿಸುವ ಓಬಿಎಸ್ ಸಾಫ್ಟ್‌ವೇರ್ ಆ ಸರ್ವರಿನ 1935ನೇ ಪೋರ್ಟಿಗೆ (ನೆಟ್‌ವರ್ಕಿನ ಬಾಗಿಲಿಗೆ) ಸ್ಟ್ರೀಮ್ ಕಳಿಸುತ್ತದೆ. ಅಲ್ಲಿ ವಿಡಿಯೊ ಮಾರ್ಪಡಿಸುವ ಎಫ್‌ಎಫ್‌ಎಂಪೆಗ್ ಅದನ್ನು ನಾಲ್ಕು ಸೆಕೆಂಡಿನ ಎಚ್‌ಎಲ್‌ಎಸ್ ತುಂಡುಗಳಾಗಿ (ಬ್ರೌಸರು ಒಂದೊಂದಾಗಿ ಇಳಿಸಿಕೊಂಡು ನುಡಿಸುವ ಚಿಕ್ಕ ಫೈಲುಗಳಾಗಿ) ಕತ್ತರಿಸುತ್ತದೆ. ಓಬಿಎಸ್‌ನಲ್ಲಿ ಕೀಫ್ರೇಮ್ (ಪೂರ್ತಿ ಚಿತ್ರವಿರುವ ಫ್ರೇಮ್) ಅಂತರ 2 ಸೆಕೆಂಡು ಅಂತ ಕೈಯಾರೆ ಕೊಡಿ. ವಿಡಿಯೊವನ್ನು ಹಾಗೇ ಕಾಪಿ ಮಾಡುವಾಗ ತುಂಡು ಕತ್ತರಿಸಲು ಬರೋದು ಕೀಫ್ರೇಮಿನಲ್ಲಿ ಮಾತ್ರ. ಕೇಳುವವರಿಗೆ ಹದಿನೈದು ಸೆಕೆಂಡಿನಷ್ಟು ತಡವಾಗುತ್ತದೆ. ಭಜನೆಗೆ ಅಷ್ಟು ನಡೆಯುತ್ತದೆ, ಕ್ರಿಕೆಟ್ ಅಲ್ಲವಲ್ಲ!

ತಲೆ ತಿಂದದ್ದು ಆಡಿಯೊ. ಎಎಸಿ ಎಂಬ ಆಡಿಯೊ ಕುಗ್ಗಿಸುವ ವಿಧಾನದಲ್ಲಿ 64 ಕೆಬಿಪಿಎಸ್ ಕೊಟ್ಟಾಗ ಮಾತು ಚೆನ್ನಾಗಿತ್ತು, ಏಕತಾರಿಯೂ ಪರವಾಗಿರಲಿಲ್ಲ. ತಾಳ ಬಿತ್ತೋ, ಕಾಗದ ಹರಿದ ಹಾಗೆ ಸದ್ದು. ಲೋಹದ ಝಣಝಣದಲ್ಲಿ ಮೇಲಿನ ಸ್ವರಗಳು ಕಿಕ್ಕಿರಿದಿರುತ್ತವೆ. ಬಿಟ್‌ರೇಟ್ ಕಮ್ಮಿ ಇದ್ದರೆ ಮೊದಲು ಕೆಡೋದು ಅವೇ. 96ಕ್ಕೆ ಏರಿಸಿದೆ, ಮೈಕನ್ನು ತಾಳದವರಿಂದ ದೂರ ಸರಿಸಿ ಹಾಡುವವರ ಹತ್ತಿರ ಇಟ್ಟೆ. ನಿಜ ಹೇಳಬೇಕೆಂದರೆ ಮೈಕು ಸರಿಸಿದ್ದರಿಂದಲೇ ಜಾಸ್ತಿ ಅನುಕೂಲ ಆಯಿತು. ಬರೀ ಆಡಿಯೊ ಕೇಳಿದರೆ ಗಂಟೆಗೆ ಸುಮಾರು 43 ಎಂಬಿ, ವಿಡಿಯೊ ಸೇರಿದರೆ 400 ಎಂಬಿ. "ಮಾರಿ ನೋಡಿ ಏನ್ ಮಾಡೋದ್ರಿ, ಪದ ಕೇಳಿದ್ರ ಸಾಕು" ಅನ್ನುವ ನಮ್ಮ ಕಾಕಾನಂಥವರಿಗೆ ಮೊದಲನೆಯದೇ ಸಾಕು.

ಸ್ಟ್ರೀಮ್ ಕೀ (ಕಳಿಸುವವರ ಗುಟ್ಟಿನ ಪಾಸ್‌ವರ್ಡ್) ಪರೀಕ್ಷಿಸದೆ 1935ನೇ ಪೋರ್ಟನ್ನು ತೆರೆದಿಡಬೇಡಿ. ವಿಳಾಸ ಗೊತ್ತಾದ ಯಾರು ಬೇಕಾದರೂ ತಮ್ಮ ವಿಡಿಯೊ ತೂರಿಸಬಹುದು.

ಹಳೆಯ ಪದಗಳನ್ನೂ ಕೇಳಬೇಕಲ್ವಾ? ರೆಕಾರ್ಡಿಂಗನ್ನು ಎಫ್‌ಎಲ್‌ವಿ ಎಂಬ ವಿಡಿಯೊ ಫೈಲ್ ಬಗೆಯಲ್ಲೇ ಇಡುತ್ತೇನೆ. ನಡುವೆ ಲೈನ್ ಕಟ್ಟಾದರೂ ಅಲ್ಲಿಯವರೆಗಿನದು ಉಳಿಯುತ್ತದೆ. ಸಾಮಾನ್ಯ ಎಂಪಿ4 ಆದರೆ ಅದರ ಸೂಚಿ (ಯಾವ ಭಾಗ ಎಲ್ಲಿದೆ ಅನ್ನುವ ಪಟ್ಟಿ) ಕೊನೆಗೆ ಬರೆಯಲ್ಪಡುತ್ತದೆ, ಅರ್ಧಕ್ಕೆ ನಿಂತರೆ ಫೈಲೇ ತೆರೆಯುವುದಿಲ್ಲ. ಬೆಳಗ್ಗೆ ಎಫ್‌ಎಫ್‌ಎಂಪೆಗ್‌ನಿಂದ ಎಂಪಿ4 ಮಾಡುವಾಗ ಫಾಸ್ಟ್‌ಸ್ಟಾರ್ಟ್ ಆಯ್ಕೆ ಕೊಟ್ಟರೆ ಆ ಸೂಚಿ ಮುಂದಕ್ಕೆ ಬರುತ್ತದೆ, ಒತ್ತಿದ ಕೂಡಲೇ ಹಾಡು ಶುರು. ಮರು ಎನ್‌ಕೋಡ್ (ವಿಡಿಯೊವನ್ನು ಮತ್ತೆ ಕುಗ್ಗಿಸುವುದು) ಬೇಡ, ಕಾಪಿ ಸಾಕು. ಆಮೇಲೆ ಅದನ್ನು ಹಂಚಲು ಬೇರೆ ಸಾಫ್ಟ್‌ವೇರ್ ಹಾಕಲಿಲ್ಲ. ನಡುವಿನ ಪದಕ್ಕೆ ನೇರ ಜಿಗಿಯುವುದನ್ನೂ ಎಂಜಿನ್‌ಎಕ್ಸ್ ಒಂದೇ ನೋಡಿಕೊಳ್ಳುತ್ತದೆ.